ಪರದೇಶಿ ವಿದ್ಯಾರ್ಥಿಗಳ ಸ್ನೇಹಿತರಾದ ಜಾನ್ ಮಾಟ್

ಯುದ್ಧಗಳನ್ನು ನಡಿಸಿದ ಅರಸುಗಳ ಮತ್ತು ಸೇನಾಪತಿಗಳ ಹೆಸರುಗಳನ್ನು ನಮ್ಮ ಮಕ್ಕಳು ಶಾಲೆಯಲ್ಲಿ ಬಾಯಿಪಾಠ ಮಾಡುತ್ತಾರೆ. ಸಮಾಧಾನಕ್ಕೋಸ್ಕರ ದುಡಿದವರ ಹೆಸರುಗಳಾದರೋ ಅಷ್ಟು ಸುಲಭವಾಗಿ ನಮ್ಮ ಕಿವಿಗೆ ಬೀಳುವದಿಲ್ಲ. ಯುದ್ಧವು ಒಂದು ದಿನದಲ್ಲಿ ಆರಂಭವಾಗಬಹುದು. ಸಮಾಧಾನವಾದರೋ ಹೊಲದ ಬೆಳೆಯಂತೆ ಉಳುವವನನ್ನೂ ಬಿತ್ತುವವನನ್ನೂ ಕಾಯುವವನನ್ನೂ ಅಪೇಕ್ಷಿಸುವದು. ಅದನ್ನು ಎಳೆಯ ಪ್ರಾಯದವರ ಮನಸ್ಸಿನಲ್ಲಿ ಬಿತ್ತಬೇಕೆಂದು ಅರಿತು, ಐವತ್ತು ವರುಷಗಳಿಗಿಂತಲೂ ಹೆಚ್ಚು ಕಾಲ ದೇಶದೇಶಗಳ ಕಾಲೇಜುಗಳಲ್ಲಿ ದುಡಿದ ಜಾನ್ ಮಾಟ್ ಎಂಬವರ ಚರಿತ್ರೆಯನ್ನು ಈ ತಿಂಗಳು ನಿಮ್ಮ ಮುಂದೆ ಇಡುತ್ತೇವೆ. ಅವರ ಕೆಲಸದಲ್ಲಿ ಜಯವೂ ಇತ್ತು, ಸೋಲೂ ಇತ್ತು. ಎರಡನ್ನೂ ಮರೆಮಾಡದೆ ಹೇಳುವದು ನ್ಯಾಯ.

ಜಾನ್ ಮಾಟರು ೧೮೬೫ನೇ ಇಸವಿ ಮೇ ತಿಂಗಳ ೨೫ನೇ ತಾರೀಕಿನಲ್ಲಿ ಅಮೇರಿಕಾದ ನ್ಯೂಯಾರ್ಕ್ ಸಂಸ್ಥಾನದ ಲಿವಿಂಗ್‌ಸ್ಟನ್ ಮ್ಯಾನರ್ ಎಂಬ ಹಳ್ಳಿಯಲ್ಲಿ ಹುಟ್ಟಿದರು. ಅವರು ಇನ್ನೂ ಕೈಗೂಸಾಗಿರುವಾಗಲೇ ತಂದೆತಾಯಿಗಳು ಪಶ್ಚಿಮಕ್ಕೆ ಹೋಗಿ ಅಯೋವಾ ಸಂಸ್ಥಾನದ ಪೋಸ್ಟ್‌ವಿಲ್ ಎಂಬ ಸಣ್ಣ ಊರಲ್ಲಿ ನೆಲೆಯೂರಿದರು. ತಂದೆಯವರು ಮರದ ವ್ಯಾಪಾರಸ್ಥರು. ಮೆಥಡಿಸ್ಟ್ ಸಭೆಗೆ ಸೇರಿದ ಆ ಮನೆಯಲ್ಲಿ ದೇವಭಕ್ತಿಯೂ ಪುಸ್ತಕಗಳ ಮೇಲಣ ಪ್ರೀತಿಯೂ ಇದ್ದವು. ಬಾಲಕನು ಹದಿನಾರನೇ ವಯಸ್ಸಿನಲ್ಲಿ ಸಮೀಪದ ಸಣ್ಣ ಕಾಲೇಜೊಂದನ್ನು ಸೇರಿ ವಾದ ಮಾಡುವದರಲ್ಲಿಯೂ ಮಾತಾಡುವದರಲ್ಲಿಯೂ ಜಾಣನೆನಿಸಿಕೊಂಡನು. ಆ ಮೇಲೆ ೧೮೮೫ರಲ್ಲಿ ಕಾರ್ನೆಲ್ ಎಂಬ ದೊಡ್ಡ ವಿಶ್ವವಿದ್ಯಾಲಯಕ್ಕೆ ಹೋದನು. ವಕೀಲನಾಗಬೇಕೋ, ತಂದೆಯ ವ್ಯಾಪಾರವನ್ನು ಮುಂದರಿಸಬೇಕೋ ಎಂಬ ಆಲೋಚನೆ ಆಗ ಅವನ ಮನಸ್ಸಿನಲ್ಲಿತ್ತು. ಕೀರ್ತಿಯ ಆಶೆಯೂ ಇಲ್ಲದಿರಲಿಲ್ಲ.

೧೮೮೬ನೇ ಇಸವಿಯ ಜನವರಿಯಲ್ಲಿ ಸ್ಟಡ್ ಎಂಬ ಇಂಗ್ಲೆಂಡಿನ ಪ್ರಖ್ಯಾತ ಕ್ರಿಕೆಟ್ ಆಟಗಾರನು ಕಾರ್ನೆಲಿಗೆ ಬಂದು ವಿದ್ಯಾರ್ಥಿಗಳಿಗೆ ಉಪನ್ಯಾಸ ಕೊಟ್ಟನು. ಮಾಟನು ಹೋಗಲೋ ಬೇಡವೋ ಎಂದು ತಡಮಾಡಿ ಹೋದನು. ಬಾಗಿಲಲ್ಲಿ ಕಾಲಿಡುವಾಗಲೇ, ತನಗಾಗಿ ದೊಡ್ಡ ಸಂಗತಿಗಳನ್ನು ಹುಡುಕದೆ ಮೊದಲು ದೇವರ ರಾಜ್ಯವನ್ನು ಹುಡುಕಬೇಕೆಂಬ ಅರ್ಥವುಳ್ಳ ಎರಡು ಮೂರು ಸಣ್ಣ ವಾಕ್ಯಗಳು ಅವನ ಕಿವಿಗೆ ಬಿದ್ದವು. ಅವು ಅವನ ಜೀವಮಾನದ ದಾರಿಯನ್ನೇ ಬದಲಾಯಿಸಿದವು. ಆ ವಿದ್ಯಾಲಯದ ಕ್ರೈಸ್ತ ಯುವಕರ ಸಂಘದಲ್ಲಿ ಅವನು ಕೆಲಸ ಮಾಡತೊಡಗಿದನು. ೪೦ ಮಂದಿ ಸದಸ್ಯರಿದ್ದ ಆ ಸಂಘವು ಅವನ ಕಾಲದಲ್ಲಿ ೨೯೦ ಮಂದಿಯ ಸಂಘವಾಯಿತು. ಅದೇ ವರುಷದ ಬೇಸಿಗೆಯಲ್ಲಿ ಮೌಂಟ್ ಹರ್ಮನ್ ಎಂಬಲ್ಲಿ ಮೂಡಿ ಎಂಬ ಸುವಾರ್ತಿಕರ ಸಮ್ಮುಖದಲ್ಲಿ ೨೫೧ ವಿದ್ಯಾರ್ಥಿಗಳು ಒಂದು ತಿಂಗಳ ಮಟ್ಟಿಗೆ ಕೂಡಿದ್ದರು. ಅವರಲ್ಲಿ ನೂರು ಮಂದಿ ಪರದೇಶಗಳಲ್ಲಿ ಸೇವೆ ಮಾಡುವದಕ್ಕೆ ತಮ್ಮನ್ನು ಒಪ್ಪಿಸಿಕೊಟ್ಟರು. ಮಾಟನೂ ಅವರಲ್ಲಿ ಒಬ್ಬನು. ೧೮೮೮ರಲ್ಲಿ ವಿದ್ಯಾಭ್ಯಾಸವನ್ನು ಮುಗಿಸಿ, ಕಾಲೇಜುಗಳಲ್ಲಿರುವ ಕ್ರೈಸ್ತ ಯುವಕರ ಸಂಘಗಳಿಗೆ ಕಾರ್ಯದರ್ಶಿಯಾಗಿ ಒಂದು ವರುಷ ಮಾತ್ರ ದುಡಿಯಲು ಒಪ್ಪಿಕೊಂಡರು. ಆ ಒಂದು ವರುಷವು ಇಪ್ಪತ್ತೇಳು ವರುಷವಾಯಿತು.

ವಿದ್ಯಾರ್ಥಿಗಳ ನಡುವೆಯೇ ಯಾಕೆ ಕೆಲಸ ಮಾಡಬೇಕು ಎಂದು ವಾಚಕರು ಕೇಳಬಹುದು. ಆ ಕಾಲದಲ್ಲಿ ವಿಶ್ವವಿದ್ಯಾಲಯಕ್ಕೆ ಹೋಗುವವರು ಸಾವಿರದಲ್ಲಿ ಒಬ್ಬಿಬ್ಬರೇ. ಆದರೆ ಮುಂದೆ ಮಂತ್ರಿಗಳೂ ನ್ಯಾಯಾಧಿಪತಿಗಳೂ ವೃತ್ತಾಂತ ಪತ್ರಿಕೆಗಳನ್ನು ಬರೆಯುವವರೂ ಶಾಲೆಯ ಮಾಸ್ತರರೂ ಆಗುವವರು ಅವರೇ. ಇನ್ನೊಂದು ಜನಾಂಗವನ್ನು ಹೀನವೆಂದೆಣಿಸುವ ಕಲಿತವನು ಒಬ್ಬನಾದರೆ ಅವನ ಬರವಣಿಗೆಯನ್ನು ಓದಿ ಲಕ್ಷ ಜನರು ಹಾಗೆಯೇ ಎಣಿಸುವರು. ಕಲಿಯುವ ಕಾಲದಲ್ಲಿ ಅವನು ಪರದೇಶದ ಯುವಕನೊಬ್ಬನೊಂದಿಗೆ ಊಟಮಾಡಿ, ಮಾತಾಡಿ, ಪ್ರಾರ್ಥಿಸಿದ್ದರೆ ಆ ಹೀನಭಾವವು ಅಷ್ಟು ಸುಲಭವಾಗಿ ಅವನ ಮನಸ್ಸಿನಲ್ಲಿ ಬೇರೂರದು. ಮಾಟರ ಕೆಲಸಕ್ಕೆಲ್ಲಾ ಈ ವಿಚಾರವು ಆಧಾರವಾಗಿತ್ತು.

೧೮೯೫ನೇ ಇಸವಿಯ ಆಗಸ್ಟಿನಲ್ಲಿ ಸ್ವೀಡನ್ ದೇಶದ ವಾಡ್‌ಸ್ಟೇನ ಎಂಬಲ್ಲಿ, ಸರೋವರದ ದಡದಲ್ಲಿರುವ ಹಳೇ ಕೋಟೆಯೊಳಗೆ ಕೆಲವೇ ಮಂದಿ ಕೂಡಿಬಂದರು. ಸ್ವೀಡನಿನ ಕಾರ್ಲ್ ಫ್ರೀಸ್, ಅಮೇರಿಕಾದ ಮಾಟ್, ಅವರೊಂದಿಗೆ ಬ್ರಿಟನ್, ಜರ್ಮನಿ, ನಾರ್ವೆ ದೇಶಗಳ ಯುವಕರು. ಒಂದು ಮೇಜಿನ ಸುತ್ತಲೂ ಕೂಡ್ರಬಹುದಾದಷ್ಟೇ ಜನ. ಅವರು ಸೇರಿ ಲೋಕದ ಕ್ರೈಸ್ತ ವಿದ್ಯಾರ್ಥಿಗಳ ಒಕ್ಕೂಟವನ್ನು ಸ್ಥಾಪಿಸಿದರು. ಫ್ರೀಸರು ಅಧ್ಯಕ್ಷರಾದರು, ಮಾಟರು ಪ್ರಧಾನ ಕಾರ್ಯದರ್ಶಿಗಳಾದರು. ಆಗ ಮಾಟರಿಗೆ ಮೂವತ್ತು ವರುಷ.

ಆ ಕಾಲದ ಯೂರೋಪಿನ ಸ್ಥಿತಿಯನ್ನು ಬಲ್ಲವರಿಗೆ ಈ ಕಾರ್ಯದ ಕಷ್ಟ ತಿಳಿಯುವದು. ಜರ್ಮನರೂ ಫ್ರೆಂಚರೂ ೧೮೭೦ರಲ್ಲಿ ಯುದ್ಧ ಮಾಡಿದ್ದರು. ಸೋತವರ ಮನಸ್ಸಿನ ಗಾಯ ಇನ್ನೂ ಮಾದಿರಲಿಲ್ಲ. ಸ್ವೀಡನಿಗೂ ನಾರ್ವೆಗೂ ಒಬ್ಬನೇ ಅರಸನಿದ್ದರೂ ಆ ಕೂಡಾವಳಿಯನ್ನು ಕುರಿತು ಜಗಳ ನಡೆಯುತ್ತಿತ್ತು. ಹೀಗಿರಲಾಗಿ ಒಂದು ದೇಶದವರು ಎಲ್ಲರ ಮೇಲೆ ಯಜಮಾನಿಕೆ ಮಾಡುವಂಥ ಸಂಘವನ್ನು ಕಟ್ಟಿದ್ದರೆ ಅದು ಒಂದು ವರುಷವೂ ಬಾಳುತ್ತಿರಲಿಲ್ಲ. ಆದಕಾರಣ ಅವರು ಜ್ಞಾನದಿಂದ ನಡೆದುಕೊಂಡರು. ಪ್ರತಿಯೊಂದು ದೇಶದ ವಿದ್ಯಾರ್ಥಿ ಸಂಘವು ಆ ದೇಶದವರ ಕೈಯಲ್ಲಿಯೇ ಇರಬೇಕು, ತನ್ನ ಭಾಷೆಯಲ್ಲಿ ತನ್ನ ಪದ್ಧತಿಯಂತೆ ನಡೆಯಬೇಕು, ಒಕ್ಕೂಟವು ಯಾರಿಗೂ ಅಪ್ಪಣೆ ಕೊಡಕೂಡದು ಎಂದು ಗೊತ್ತುಮಾಡಿದರು. ನಮ್ಮ ಹಳ್ಳಿಯಲ್ಲಿ ಹತ್ತು ಮನೆಯವರು ಒಂದೇ ಬಾವಿಯಿಂದ ನೀರು ಸೇದುತ್ತಾರೆ. ಆದರೆ ಪ್ರತಿಯೊಬ್ಬರ ಒಲೆಯೂ ಅವರವರ ಮನೆಯಲ್ಲಿ ಉರಿಯುವದು. ಆ ಒಕ್ಕೂಟವು ಹೀಗೆಯೇ ಇತ್ತು.

ಅಲ್ಲಿಂದ ಮಾಟರು ತಮ್ಮ ಹೆಂಡತಿಯಾದ ಲೀಲಾ ಅಮ್ಮನವರೊಂದಿಗೆ ಲೋಕಸಂಚಾರಕ್ಕೆ ಹೊರಟರು. ಸುಮಾರು ಎರಡು ವರುಷಗಳಲ್ಲಿ ಹಿಂದೂದೇಶ, ಚೀನ, ಜಪಾನ್, ಆಸ್ಟ್ರೇಲಿಯಾ, ನ್ಯೂಜಿಲೆಂಡ್ ಮುಂತಾದ ದೇಶಗಳಲ್ಲಿ ವಿದ್ಯಾರ್ಥಿ ಸಂಘಗಳನ್ನು ಏರ್ಪಡಿಸಿದರು. ಹಡಗಿನ ಪ್ರಯಾಣವೆಂದರೆ ಅವರಿಗೆ ತಲೆತಿರುಗಿ ವಾಂತಿಯಾಗುವ ಕಡಲ ಬೇನೆ. ಆದಾಗ್ಯೂ ಜೀವಮಾನದಲ್ಲಿ ನೂರಕ್ಕಿಂತ ಹೆಚ್ಚು ಸಲ ಅಟ್ಲಾಂಟಿಕ್ ಸಮುದ್ರವನ್ನು ದಾಟಿದರು. ಐವತ್ತು ವರುಷಗಳನ್ನು ಲೆಕ್ಕ ಹಾಕಿದರೆ ವರುಷಕ್ಕೆ ೩೪ ದಿನದಂತೆ ಸಮುದ್ರದ ಮೇಲೆಯೇ ಕಳೆದರೆಂದು ಹೇಳುತ್ತಾರೆ.

ಆ ಮೊದಲ ಸಂಚಾರದ ತರುವಾಯ ಅವರು ಬರೆದ ಪುಸ್ತಕವೊಂದರ ಹೆಸರಿನಲ್ಲಿ ಲೋಕವನ್ನು ಜಯಿಸುವದಕ್ಕೆ ಬೇಕಾದ ಆಯಕಟ್ಟಿನ ಸ್ಥಳಗಳು ಎಂಬ ಅರ್ಥವಿತ್ತು. ಆ ಸ್ಥಳಗಳೆಂದರೆ ವಿಶ್ವವಿದ್ಯಾಲಯಗಳು. ಅವರ ಮನಸ್ಸಿನಲ್ಲಿದ್ದದ್ದು ಕತ್ತಿಯ ಜಯವಲ್ಲ, ಸುವಾರ್ತೆಯ ಜಯವೇ. ಆದರೂ ಪರರ ಆಳಿಕೆಗೆ ಒಳಗಾದ ಜನರ ಕಿವಿಗೆ ಜಯ ಎಂಬ ಮಾತು ಹೇಗೆ ಕೇಳಿಸುವದೆಂದು ಆ ಕಾಲದಲ್ಲಿ ಅವರು ವಿಚಾರಿಸಲಿಲ್ಲ. ಅದನ್ನು ಏಷ್ಯಾದ ವಿದ್ಯಾರ್ಥಿಗಳೇ ಮುಂದೆ ಅವರಿಗೆ ಕಲಿಸಬೇಕಾಯಿತು.

ಈ ಕಲಿಕೆಯ ಮೊದಲನೇ ಪಾಠವು ೧೯೦೭ರಲ್ಲಿ ನಡೆಯಿತು. ಒಕ್ಕೂಟದ ಮಹಾಸಭೆಯು ಆ ವರೆಗೆ ಪಶ್ಚಿಮ ದೇಶಗಳಲ್ಲಿ ಕೂಡುತ್ತಿತ್ತು. ಆ ವರುಷ ಜಪಾನಿನ ತೋಕಿಯೋ ಪಟ್ಟಣದಲ್ಲಿ ಕೂಡಿತು. ೨೫ ದೇಶಗಳಿಂದ ಆರು ನೂರಕ್ಕೂ ಮಿಕ್ಕಿದ ಪ್ರತಿನಿಧಿಗಳು ಬಂದರು. ರಷ್ಯಾಕ್ಕೂ ಜಪಾನಿಗೂ ನಡೆದ ಯುದ್ಧವು ಮುಗಿದು ಎರಡೇ ವರುಷವಾಗಿತ್ತು. ಕಲಿಸುವದಕ್ಕೆಂದು ಪೂರ್ವದೇಶಗಳಿಗೆ ಹೋಗುವದು ಯೂರೋಪಿನವರಿಗೆ ಪರಿಚಿತ. ಅತಿಥಿಗಳಾಗಿ ಹೋಗಿ, ಏಷ್ಯಾದವರು ಬಡಿಸಿದ್ದನ್ನು ಉಂಡು, ಏಷ್ಯಾದವರು ನಡಿಸುವ ಸಭೆಯಲ್ಲಿ ಸುಮ್ಮನೆ ಕೂತು ಕೇಳುವದು ಅವರಲ್ಲಿ ಅನೇಕರಿಗೆ ಹೊಸದು. ಬೇರೊಬ್ಬನ ಮನೆಯಲ್ಲಿ ಅತಿಥಿಯಾಗಿ ಕೂತವನು ಅವನನ್ನು ಬೇಗನೆ ತಿಳುಕೊಳ್ಳುತ್ತಾನಷ್ಟೆ.

ಎರಡನೇ ಪಾಠವು ಇನ್ನೂ ಕಠಿಣವಾದದ್ದು. ೧೯೧೦ರ ಜೂನ್ ತಿಂಗಳಲ್ಲಿ ಸ್ಕಾಟ್ಲೆಂಡಿನ ಎಡಿನ್‌ಬರೊ ಪಟ್ಟಣದಲ್ಲಿ ಲೋಕದ ಮಿಶನ್ ಸಂಘಗಳ ಮಹಾಸಭೆಯು ಕೂಡಿದಾಗ ಮಾಟರೇ ಅಧ್ಯಕ್ಷ ಸ್ಥಾನದಲ್ಲಿದ್ದರು. ಸುಮಾರು ೧,೨೦೦ ಪ್ರತಿನಿಧಿಗಳಲ್ಲಿ ಏಷ್ಯಾದವರು ಬೆರಳೆಣಿಕೆಗೆ ಸ್ವಲ್ಪ ಮೀರಿದಷ್ಟೇ. ಅವರಲ್ಲಿ ತಿರುನೆಲ್ವೇಲಿಯ ಹಳ್ಳಿಯೊಂದರಲ್ಲಿ ಹುಟ್ಟಿ, ಕ್ರೈಸ್ತ ಯುವಕರ ಸಂಘದ ಕಾರ್ಯದರ್ಶಿಯಾಗಿ ಅನೇಕ ವರುಷ ದುಡಿದ ವೇದನಾಯಗಂ ಅಜರಯ್ಯನವರು ಒಬ್ಬರು. ಇವರು ೧೯೧೨ರಲ್ಲಿ ದೋರ್ನಕಲ್ಲಿನ ಬಿಷಪರಾದರೆಂಬದು ನಮ್ಮಲ್ಲಿ ಬಹುಜನರಿಗೆ ಗೊತ್ತು. ಅವರು ಆ ಸಭೆಯಲ್ಲಿ ಎದ್ದು ನಿಂತು, ಮಿಶನರಿಗಳು ತಮ್ಮ ಸೊತ್ತನ್ನೂ ತಮ್ಮ ಪ್ರಾಣವನ್ನೂ ಹಿಂದೂದೇಶದವರಿಗೆ ಧಾರಾಳವಾಗಿ ಕೊಟ್ಟಿದ್ದಾರೆ, ಆದರೆ ಸ್ನೇಹವನ್ನು ಕೊಟ್ಟಿಲ್ಲ ಎಂಬ ಅರ್ಥದಲ್ಲಿ ಮಾತಾಡಿದರು. ಒಂದೇ ಊರಲ್ಲಿ ಒಂದೇ ಕೆಲಸ ಮಾಡುವ ಮಿಶನರಿಯೂ ದೇಶಸ್ಥನಾದ ಸೇವಕನೂ ಒಬ್ಬರ ಮನೆಯಲ್ಲಿ ಒಬ್ಬರು ಊಟಮಾಡದೆ ವರುಷಗಳನ್ನು ಕಳೆಯುವದುಂಟೆಂದು ತೋರಿಸಿದರು. ಕೇಳಿದವರಲ್ಲಿ ಕೆಲವರು ಸಿಟ್ಟಾದರು. ಅಂಥ ಮಾತಾಡಲಿಕ್ಕೆ ಅಜರಯ್ಯನವರಿಗೆ ಧೈರ್ಯ ಹೇಳಿದವರಲ್ಲಿ ಮಾಟರು ಮುಖ್ಯರು. ತಮ್ಮವರ ತಪ್ಪನ್ನು ಪರದೇಶದವನ ಬಾಯಿಂದ ತಮ್ಮ ಸಭೆಯಲ್ಲಿಯೇ ಹೇಳಿಸುವ ಅಧ್ಯಕ್ಷರು ಎಷ್ಟು ಮಂದಿ ಇದ್ದಾರೆ?

೧೯೧೧ರಲ್ಲಿ ತುರ್ಕರ ರಾಜಧಾನಿಯಾಗಿದ್ದ ಕಾನ್‌ಸ್ಟಾಂಟಿನೋಪಲಿನಲ್ಲಿ ಒಕ್ಕೂಟವು ಕೂಡಿತು. ಪ್ರೊಟೆಸ್ಟಂಟ್ ವಿದ್ಯಾರ್ಥಿಗಳಲ್ಲದೆ ಪೂರ್ವದೇಶಗಳ ಪುರಾತನ ಸಭೆಗಳಿಗೆ ಸೇರಿದ ವಿದ್ಯಾರ್ಥಿಗಳೂ ತಮ್ಮ ತಮ್ಮ ಸಭೆಗಳನ್ನು ಬಿಡದೆಯೇ ಈ ಸಹವಾಸಕ್ಕೆ ಸೇರಬಹುದೆಂದು ಅಲ್ಲಿ ನಿಶ್ಚಯವಾಯಿತು. ನನ್ನ ಹಾಗೆ ಆದ ಮೇಲೆ ನನ್ನ ಬಳಿಗೆ ಬಾ ಎಂದು ಹೇಳುವದು ಸ್ನೇಹವಲ್ಲವೆಂಬದನ್ನು ಅವರು ಈಗ ಕಲಿತಿದ್ದರು.

ಅದೇ ೧೯೧೧ರಲ್ಲಿ ಮಾಟರು ತಮ್ಮ ಸ್ವಂತ ದೇಶದಲ್ಲಿ ಮಾಡಿದ ಒಂದು ಕೆಲಸವು ನೋಡುವದಕ್ಕೆ ಸಣ್ಣದು, ಫಲದಲ್ಲಿ ದೊಡ್ಡದು. ಚೀನ, ಜಪಾನ್, ಹಿಂದೂದೇಶ, ದಕ್ಷಿಣ ಅಮೇರಿಕಾ ಮುಂತಾದ ಸ್ಥಳಗಳಿಂದ ಯುವಕರು ಕಲಿಯುವದಕ್ಕೆ ಅಮೇರಿಕಾಕ್ಕೆ ಬರುತ್ತಿದ್ದರು. ೧೮೮೨ರ ಒಂದು ಕಾಯಿದೆಯ ಪ್ರಕಾರ ಚೀನದ ಕೂಲಿಗಳು ಆ ದೇಶದೊಳಗೆ ಬರಕೂಡದು. ಆ ಕಾಯಿದೆ ೧೯೪೩ರ ವರೆಗೂ ನಡೆಯಿತು. ವಿದ್ಯಾರ್ಥಿಗಳಿಗೆ ಆ ನಿಷೇಧವಿಲ್ಲದಿದ್ದರೂ ರೇವಿನ ಅಧಿಕಾರಿಗಳು ಅವರನ್ನು ಸಂಶಯದಿಂದ ತಡೆದು ನಿಲ್ಲಿಸುತ್ತಿದ್ದರು. ಪಟ್ಟಣಕ್ಕೆ ಹೋದರೆ ಮೈಬಣ್ಣದ ನಿಮಿತ್ತ ಬಾಡಿಗೆಯ ಕೋಣೆ ಸಿಕ್ಕುವದು ಕಷ್ಟ. ಮಾಟರು ಪರದೇಶಿ ವಿದ್ಯಾರ್ಥಿಗಳ ಸ್ನೇಹಕ್ಕಾಗಿ ಒಂದು ಸಮಿತಿಯನ್ನು ಏರ್ಪಡಿಸಿದರು. ಸಮಿತಿಯವರು ಹಡಗು ಬರುವ ವೇಳೆಗೆ ರೇವಿಗೆ ಹೋಗಿ ನಿಂತು ವಿದ್ಯಾರ್ಥಿಗಳನ್ನು ಎದುರುಗೊಳ್ಳುತ್ತಿದ್ದರು. ಅಧಿಕಾರಿಗಳ ಮುಂದೆ ಅವರ ಪರವಾಗಿ ಮಾತಾಡುತ್ತಿದ್ದರು. ಇಳುಕೊಳ್ಳಲು ಸ್ಥಳವನ್ನು ಹುಡುಕಿ ಕೊಡುತ್ತಿದ್ದರು. ಊರಿನ ಕುಟುಂಬಗಳ ಮನೆಗೆ ಊಟಕ್ಕೆ ಕರಕೊಂಡು ಹೋಗುತ್ತಿದ್ದರು.

ಇದರ ಅಗತ್ಯವನ್ನು ಇನ್ನೊಂದು ಸಂಗತಿಯಿಂದ ತಿಳಿಯಬಹುದು. ೧೯೦೯ರಲ್ಲಿ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯದ ಮೆಟ್ಟಲುಗಳ ಮೇಲೆ ಹ್ಯಾರಿ ಎಡ್ಮಂಡ್ಸ್ ಎಂಬ ಸಂಘದ ಕಾರ್ಯದರ್ಶಿಯು ಚೀನದ ವಿದ್ಯಾರ್ಥಿಯೊಬ್ಬನಿಗೆ ಬೆಳಗಿನ ವಂದನೆ ಹೇಳಿ ಮುಂದೆ ಹೋದನು. ಆ ಯುವಕನು ಅವನನ್ನು ತಡೆದು ಉಪಕಾರ ಸ್ಮರಣೆ ಮಾಡಿದನು. ಆ ಪಟ್ಟಣಕ್ಕೆ ಬಂದು ಮೂರು ವಾರವಾಗಿದ್ದರೂ ಅವನೊಂದಿಗೆ ಮಾತಾಡಿದವರಲ್ಲಿ ಎಡ್ಮಂಡ್ಸನೇ ಮೊದಲನೆಯವನಂತೆ. ಇದನ್ನು ಕೇಳಿ ಎಡ್ಮಂಡ್ಸನೂ ಅವನ ಹೆಂಡತಿಯೂ ಭಾನುವಾರ ಸಾಯಂಕಾಲ ಪರದೇಶಿ ವಿದ್ಯಾರ್ಥಿಗಳನ್ನು ಊಟಕ್ಕೆ ಕರೆಯತೊಡಗಿದರು. ಆ ಊಟದ ಪಂಕ್ತಿಯು ಬೆಳೆದು ಬೆಳೆದು, ಕಡೆಗೆ ರಾಕ್‌ಫೆಲ್ಲರ್ ಎಂಬ ಧನಿಕರ ಸಹಾಯದಿಂದ ೧೯೨೪ರಲ್ಲಿ ಎಲ್ಲಾ ದೇಶಗಳ ವಿದ್ಯಾರ್ಥಿಗಳು ಒಂದೇ ಸೂರಿನ ಕೆಳಗೆ ವಾಸಮಾಡುವ ದೊಡ್ಡ ಮನೆಯಾಯಿತು.

ಪರದೇಶದವರನ್ನು ಪ್ರೀತಿಸಿ ನೆರೆಯವನನ್ನು ತಳ್ಳುವವರೂ ಉಂಟು. ಅಮೇರಿಕಾದ ದಕ್ಷಿಣ ಸಂಸ್ಥಾನಗಳಲ್ಲಿ ಕಪ್ಪು ಜನರ ಶಾಲೆ ಬೇರೆ, ರೈಲುಬಂಡಿ ಬೇರೆ, ಆರಾಧನೆ ಬೇರೆ ಎಂಬದು ಕಾಯಿದೆಯಿಂದಲೂ ವಾಡಿಕೆಯಿಂದಲೂ ನಿಂತಿತ್ತು. ೧೯೧೪ರ ಮೇ ತಿಂಗಳಲ್ಲಿ ಅಟ್ಲಾಂಟಾ ಪಟ್ಟಣದಲ್ಲಿ ಕಪ್ಪು ಜನರ ಕಾಲೇಜುಗಳ ಕ್ರೈಸ್ತ ವಿದ್ಯಾರ್ಥಿಗಳ ಮಹಾಸಭೆಯೊಂದು ಕೂಡಿತು. ಮಾಟರು ಅದಕ್ಕೆ ಅಧ್ಯಕ್ಷರಾಗಿದ್ದರು. ಕಪ್ಪು ಜನರೂ ಬಿಳಿಯರೂ ಒಂದೇ ಸಭೆಯಲ್ಲಿ ಕೂತು ತಮ್ಮ ನಡುವೆ ಇರುವ ಅನ್ಯಾಯವನ್ನು ಕುರಿತು ಮಾತಾಡಿದರು. ಒಂದು ಸಭೆಯಿಂದ ಆ ಗೋಡೆಯು ಬೀಳಲಿಲ್ಲ. ಅದು ಬೀಳುವದಕ್ಕೆ ಇನ್ನೂ ಐವತ್ತು ವರುಷಗಳು ಬೇಕಾದವು. ಆದರೂ ಅಲ್ಲಿ ಕೂತ ಯುವಕರು ಒಬ್ಬರ ಮುಖವನ್ನು ಒಬ್ಬರು ನೋಡಿದರು.

ಅದಾಗಿ ಮೂರು ತಿಂಗಳೊಳಗೆ ಯೂರೋಪಿನಲ್ಲಿ ಮಹಾಯುದ್ಧವು ಹತ್ತಿಕೊಂಡಿತು. ಒಂದೇ ಮೇಜಿನಲ್ಲಿ ಉಂಡ ಜರ್ಮನ್, ಫ್ರೆಂಚ್, ಇಂಗ್ಲಿಷ್ ವಿದ್ಯಾರ್ಥಿಗಳು ಕಂದಕಗಳ ಈಚೆಯಿಂದಲೂ ಆಚೆಯಿಂದಲೂ ಒಬ್ಬರ ಮೇಲೊಬ್ಬರು ಗುಂಡು ಹಾರಿಸಬೇಕಾಯಿತು. ಹತ್ತೊಂಭತ್ತು ವರುಷದ ಕೆಲಸವೆಲ್ಲಾ ಗಾಳಿಗೆ ಹೋಯಿತೆಂದು ಅನೇಕರಿಗೆ ತೋರಿತು. ಆಗ ಅಮೇರಿಕಾ ದೇಶವು ಇನ್ನೂ ಯುದ್ಧಕ್ಕೆ ಇಳಿದಿರಲಿಲ್ಲವಾದದರಿಂದ ಮಾಟರು ೧೯೧೪ರಲ್ಲಿಯೇ ಎರಡೂ ಪಕ್ಷದ ದೇಶಗಳಿಗೆ ಹೋಗಿ ವಿದ್ಯಾರ್ಥಿ ನಾಯಕರನ್ನು ಕಂಡರು. ಒಬ್ಬರ ಸುದ್ದಿಯನ್ನು ಇನ್ನೊಬ್ಬರಿಗೆ ಮುಟ್ಟಿಸಿದರು. ಸೆರೆಯಾದ ಸಿಪಾಯಿಗಳಿಗೆ ಎರಡೂ ಪಕ್ಷಗಳಲ್ಲಿ ಕ್ರೈಸ್ತ ಯುವಕರ ಸಂಘವು ಸಹಾಯ ಮಾಡುವಂತೆ ಏರ್ಪಾಡು ಮಾಡಿದರು.

ಆದರೆ ೧೯೧೭ರಲ್ಲಿ ಅಮೇರಿಕಾವೂ ಜರ್ಮನಿಗೆ ವಿರೋಧವಾಗಿ ಯುದ್ಧಕ್ಕೆ ಇಳಿಯಿತು. ರಾಷ್ಟ್ರಾಧ್ಯಕ್ಷರಾದ ವಿಲ್ಸನರು ರಷ್ಯಾಕ್ಕೆ ಕಳುಹಿಸಿದ ರಾಯಭಾರಿಗಳ ಗುಂಪಿನಲ್ಲಿ ಮಾಟರೂ ಸೇರಿಕೊಂಡರು. ೧೯೧೩ರಲ್ಲಿ ಇದೇ ವಿಲ್ಸನರು ಚೀನ ದೇಶದ ರಾಯಭಾರಿಯ ಉದ್ಯೋಗವನ್ನು ಕೊಡುತ್ತೇನೆಂದಾಗ ಬೇಡವೆಂದಿದ್ದ ಮಾಟರು ಈಗ ಒಪ್ಪಿದರು. ಜರ್ಮನಿಯ ಮಿಶನ್ ಮುಖಂಡರಿಗೆ ಇದರಿಂದ ಬಹಳ ನೋವಾಯಿತು. ರಷ್ಯಾವನ್ನು ಯುದ್ಧದಲ್ಲಿ ನಿಲ್ಲಿಸುವದೇ ಆ ರಾಯಭಾರದ ಉದ್ದೇಶ. ಅದರಲ್ಲಿ ಸೇರಿದವನು ಇನ್ನು ಎಲ್ಲರ ಸ್ನೇಹಿತನಾಗಿರಲಾರನೆಂದು ಅವರು ಬಹಿರಂಗವಾಗಿ ಅವರ ಮೇಲಣ ಭರವಸವನ್ನು ಹಿಂತೆಗೆದರು. ವಾಚಕರೇ, ಇದು ಮಾಟರ ಚರಿತ್ರೆಯಲ್ಲಿ ಕಹಿಯಾದ ಪುಟ. ಸ್ವದೇಶದ ಮೇಲಣ ಪ್ರೀತಿಯೂ ಸಮಾಧಾನದ ಸೇವೆಯೂ ಎದುರುಬದುರು ನಿಂತಾಗ ಒಳ್ಳೆಯವನ ಕಾಲೂ ಜಾರಬಹುದು. ಎರಡು ಪಕ್ಷಗಳ ನಡುವೆ ನಿಲ್ಲುವವನು ಒಂದು ಪಕ್ಷದ ಕೆಲಸವನ್ನು ಕೈಗೊಂಡರೆ ಇನ್ನೊಂದು ಪಕ್ಷದ ಬಾಗಿಲು ಮುಚ್ಚುವದೆಂಬದಕ್ಕೆ ಇದು ಸಾಕ್ಷಿ.

ಆ ಯುದ್ಧದ ಬಿಸಿಯು ನಮ್ಮ ಕನ್ನಡ ಸಭೆಗಳಿಗೂ ತಟ್ಟಿತು. ಮಂಗಳೂರು, ಧಾರವಾಡ ಮುಂತಾದ ಸ್ಥಳಗಳಲ್ಲಿ ಸೇವೆ ಮಾಡುತ್ತಿದ್ದ ಬಾಸೆಲ್ ಮಿಶನಿನ ಜರ್ಮನ್ ಮಿಶನರಿಗಳನ್ನು ಸರಕಾರವು ಸೆರೆಯಲ್ಲಿಟ್ಟು ಆ ಮೇಲೆ ದೇಶದಿಂದ ಕಳುಹಿಸಿಬಿಟ್ಟಿತು. ಸಭೆಯ ಅಜ್ಜಂದಿರು ಕಣ್ಣೀರಿನಿಂದ ಅವರನ್ನು ಬೀಳ್ಕೊಟ್ಟರು. ಎಡಿನ್‌ಬರೊ ಸಭೆಯಿಂದ ಮಾಟರ ಜೊತೆಗೆಲಸದವರಾಗಿದ್ದ ಓಲ್ಡಂ ಎಂಬವರು, ಜರ್ಮನ್ ಮಿಶನುಗಳ ಸೊತ್ತು ಗೆದ್ದವರ ಕೊಳ್ಳೆಯಾಗದೆ ಮಿಶನ್ ಕೆಲಸಕ್ಕೇ ಉಳಿಯಬೇಕೆಂದು ಬಹಳ ಪ್ರಯಾಸಪಟ್ಟರು. ೧೯೧೯ರ ವರ್ಸೈಲ್ಸ್ ಒಡಂಬಡಿಕೆಯಲ್ಲಿ ಇದಕ್ಕೆ ಸ್ಥಳ ದೊರಕಿತು.

ಮುರಿದ ಸ್ನೇಹವು ಮಾತಿನಿಂದ ಕೂಡಲಿಲ್ಲ, ಅನ್ನದಿಂದ ಕೂಡಿತು. ೧೯೨೦ರಲ್ಲಿ ಒಕ್ಕೂಟದ ಸಂಚಾರಿ ಕಾರ್ಯದರ್ಶಿಯಾಗಿದ್ದ ರೂತ್ ರೌಸ್ ಎಂಬ ಇಂಗ್ಲೆಂಡಿನ ಸ್ತ್ರೀಯು ವಿಯೆನ್ನಾ ಪಟ್ಟಣಕ್ಕೆ ಹೋದಳು. ಅದು ಸೋತ ಶತ್ರುವಿನ ರಾಜಧಾನಿ. ಅಲ್ಲಿ ವಿದ್ಯಾರ್ಥಿಗಳು ಹಸಿವಿನಿಂದಲೂ ಚಳಿಯಿಂದಲೂ ಸಾಯುವ ಸ್ಥಿತಿಯಲ್ಲಿರುವದನ್ನು ಕಂಡು ಎಲ್ಲಾ ದೇಶಗಳ ವಿದ್ಯಾರ್ಥಿಗಳಿಗೆ ಬಿನ್ನಹದ ಪತ್ರವನ್ನು ಬರೆದಳು. ಆ ವರುಷದ ಆಗಸ್ಟಿನಲ್ಲಿ ಸ್ವಿಟ್ಜರ್ಲೆಂಡಿನ ಬೇಯಾಟೆನ್‌ಬರ್ಗ್ ಎಂಬ ಬೆಟ್ಟದ ಊರಲ್ಲಿ ಒಕ್ಕೂಟದ ಸಮಿತಿಯು ಕೂಡಿತು. ಯುದ್ಧದ ತರುವಾಯ ಎರಡೂ ಪಕ್ಷದವರು ಪುನಃ ಒಂದಾಗಿ ಕೂತರು. ಜಾತಿ, ದೇಶ, ಮತ ಯಾವದನ್ನೂ ನೋಡದೆ ಕೊರತೆಯನ್ನು ಮಾತ್ರ ನೋಡಿ ಸಹಾಯ ಮಾಡಬೇಕೆಂದು ಅಲ್ಲಿ ತೀರ್ಮಾನವಾಯಿತು. ಯೆಹೂದ್ಯನಾಗಲಿ, ಕ್ರೈಸ್ತನಾಗಲಿ, ದೇವರನ್ನು ನಂಬದವನಾಗಲಿ, ಹಸಿದ ವಿದ್ಯಾರ್ಥಿಗೆ ಊಟವೂ ಬಟ್ಟೆಯೂ ಪುಸ್ತಕವೂ ಸಿಕ್ಕಿದವು. ಕೊಟ್ಟವರಲ್ಲಿ ನಿನ್ನೆಯ ವರೆಗೂ ಶತ್ರುಗಳಾಗಿದ್ದವರೇ ಅನೇಕರು. ಈ ಸಹಾಯದ ಕೆಲಸವು ಬೆಳೆದು ೧೯೨೬ರಲ್ಲಿ ಬೇರೆ ಸಂಸ್ಥೆಯಾಗಿ, ಬಹುಕಾಲ ಲೋಕದ ವಿಶ್ವವಿದ್ಯಾಲಯಗಳಲ್ಲಿ ಸೇವೆ ಮಾಡಿತು. ೧೯೨೦ರಲ್ಲಿಯೇ ಮಾಟರು ಕಾರ್ಯದರ್ಶಿಯ ಕೆಲಸವನ್ನು ಬಿಟ್ಟು ಒಕ್ಕೂಟದ ಅಧ್ಯಕ್ಷರಾದರು.

ಎರಡು ವರುಷಗಳ ಮೇಲೆ ಏಷ್ಯಾದ ಯುವಕರು ಅವರಿಗೆ ಇನ್ನೊಂದು ಪಾಠ ಕಲಿಸಿದರು. ೧೯೨೨ರ ಎಪ್ರಿಲಿನಲ್ಲಿ ಒಕ್ಕೂಟದ ಮಹಾಸಭೆಯು ಚೀನದ ಪೆಕಿಂಗಿನಲ್ಲಿ ಕೂಡುವದೆಂದು ಗೊತ್ತಾದಾಗ ಚೀನದ ಸಾವಿರಾರು ವಿದ್ಯಾರ್ಥಿಗಳು ಅದಕ್ಕೆ ವಿರೋಧವಾಗಿ ಎದ್ದರು. ಕ್ರೈಸ್ತ ಮತವು ಪಶ್ಚಿಮ ದೇಶಗಳ ಬಂಡವಾಳದ ದಾಸಿ, ಚೀನವನ್ನು ಕೊಳ್ಳೆ ಹೊಡೆಯುವವರ ಸಂಗಡಿಗನು ಎಂಬದು ಅವರ ದೂರು. ಆ ದೂರು ಪೂರ್ಣವಾಗಿ ಸತ್ಯವಲ್ಲ. ಪೂರ್ಣವಾಗಿ ಸುಳ್ಳೂ ಅಲ್ಲ. ಪರದೇಶದ ಹಡಗುಗಳೂ ತುಪಾಕಿಗಳೂ ಚೀನದ ರೇವುಗಳಲ್ಲಿ ನಿಂತಿರುವಾಗ ಜಯ ಎಂಬ ಹಳೇ ಮಾತು ಅವರಿಗೆ ಬೇರೆ ಅರ್ಥ ಕೊಟ್ಟದ್ದು ಆಶ್ಚರ್ಯವಲ್ಲ. ಸಭೆಯೊಳಗಾದರೋ ಯುದ್ಧವು ಕ್ರೈಸ್ತನಿಗೆ ಯಾವಾಗಲಾದರೂ ಯೋಗ್ಯವೋ ಎಂಬ ಪ್ರಶ್ನೆಯ ಮೇಲೆ ಬಿಸಿಯಾದ ಚರ್ಚೆ ನಡೆಯಿತು. ಒಂದು ಮನಸ್ಸಾಗಲಿಲ್ಲ. ಆದಾಗ್ಯೂ ಯುದ್ಧಕ್ಕೆ ಕಾರಣವಾಗುವವುಗಳನ್ನೂ, ದೇಶಗಳ ವ್ಯಾಜ್ಯಗಳನ್ನು ಯುದ್ಧದಿಂದ ತೀರಿಸಿಕೊಳ್ಳುವ ಪದ್ಧತಿಯನ್ನೂ ಎದುರಿಸುವದು ತಮ್ಮ ಕರ್ತವ್ಯವೆಂಬಷ್ಟರ ಮಟ್ಟಿಗೆ ಎಲ್ಲರೂ ಒಪ್ಪಿದರು. ಒಮ್ಮತವಿಲ್ಲದಿದ್ದರೂ ಒಂದೇ ಕೋಣೆಯಲ್ಲಿ ಕೂತು ಮಾತಾಡಲು ಕಲಿಯುವದೇ ಸಮಾಧಾನದ ಶಿಕ್ಷಣದಲ್ಲಿ ಬಹುಪಾಲು.

೧೯೨೮ರಲ್ಲಿ ಮಾಟರು ಒಕ್ಕೂಟದ ಅಧ್ಯಕ್ಷತೆಯನ್ನು ಬಿಟ್ಟುಕೊಟ್ಟರು. ಆ ವರುಷದ ಡಿಸೆಂಬರಿನಲ್ಲಿ ಒಕ್ಕೂಟದ ಸಮಿತಿಯು ನಮ್ಮ ಮೈಸೂರಿನಲ್ಲಿಯೇ ಕೂಡಿತೆಂಬದು ಕನ್ನಡಿಗರಾದ ನಮಗೆ ಸಂತೋಷದ ಸಂಗತಿ. ಮಾಟರು ಮಹಾತ್ಮ ಗಾಂಧಿಯವರನ್ನು ೧೯೨೯, ೧೯೩೬, ೧೯೩೮ ಹೀಗೆ ಹಲವು ಸಲ ಕಂಡು ಮಾತಾಡಿದರು. ೧೯೩೬ರಲ್ಲಿ ಹರಿಜನರ ಮತಾಂತರವನ್ನು ಕುರಿತು ಇಬ್ಬರಿಗೂ ಭಿನ್ನಾಭಿಪ್ರಾಯವಿತ್ತು. ಮಿಶನುಗಳು ಪೈಪೋಟಿಯಿಂದ ಹರಿಜನರನ್ನು ಸೆಳೆಯುವದು ಗಾಂಧಿಯವರಿಗೆ ಒಪ್ಪಿಗೆಯಾಗಲಿಲ್ಲ. ಸುವಾರ್ತೆಯನ್ನು ಯಾರಿಂದಲೂ ಮರೆಮಾಡಲಾಗದೆಂಬದು ಮಾಟರ ನಿಲುವು. ಇಬ್ಬರೂ ಮನಸ್ಸು ಬಿಚ್ಚಿ ಮಾತಾಡಿದರು, ಯಾರೂ ತಮ್ಮ ನಂಬಿಕೆಯನ್ನು ಮುಚ್ಚಿಡಲಿಲ್ಲ. ಹಾಗಿದ್ದರೂ ಎರಡು ವರುಷಗಳ ಮೇಲೆ ಮಾಟರು ಪುನಃ ಸೇಗಾಂವಿಗೆ ಹೋಗಿ ಗಾಂಧಿಯವರ ಬಳಿಯಲ್ಲಿ ಕೂತರು.

ಆ ಸಲ ಅವರು ಬಂದದ್ದು ಮದರಾಸಿನ ಹತ್ತಿರದ ತಾಂಬರಂ ಮಹಾಸಭೆಗಾಗಿ. ಅದು ಮೊದಲು ಚೀನದ ಹಾಂಗ್‌ಚೌ ಪಟ್ಟಣದಲ್ಲಿ ಕೂಡಬೇಕೆಂದಿತ್ತು. ೧೯೩೭ರಲ್ಲಿ ಜಪಾನ್ ಚೀನದ ಮೇಲೆ ದಂಡೆತ್ತಿ ಬಂದದ್ದರಿಂದ ಸ್ಥಳ ಬದಲಾಯಿತು. ೧೯೩೮ರ ಡಿಸೆಂಬರಿನಲ್ಲಿ ಮದರಾಸ್ ಕ್ರಿಶ್ಚಿಯನ್ ಕಾಲೇಜಿನ ಹೊಸ ಕಟ್ಟಡಗಳಲ್ಲಿ ಸುಮಾರು ೪೭೦ ಪ್ರತಿನಿಧಿಗಳು ಕೂಡಿದಾಗ ಅವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಏಷ್ಯಾ, ಆಫ್ರಿಕಾ ಮುಂತಾದ ದೇಶಗಳ ಸಭೆಗಳವರು. ಎಡಿನ್‌ಬರೊವಿನಲ್ಲಿ ಬೆರಳೆಣಿಕೆಯಷ್ಟಿದ್ದವರು ಇಪ್ಪತ್ತೆಂಟು ವರುಷಗಳಲ್ಲಿ ಅರ್ಧಕ್ಕೆ ಮೀರಿದರು. ತಮ್ಮ ದೇಶಗಳು ಕಾದಾಡುತ್ತಿರುವಾಗಲೇ ಚೀನದವರೂ ಜಪಾನಿನವರೂ ಆ ಒಂದೇ ಸಭೆಯಲ್ಲಿ ಕೂತಿದ್ದರು. ಎಪ್ಪತ್ತಮೂರು ವರುಷದ ಮಾಟರು ಅಧ್ಯಕ್ಷ ಸ್ಥಾನದಲ್ಲಿದ್ದರು.

ಎರಡನೇ ಮಹಾಯುದ್ಧವೂ ಬಂತು, ಹೋಯಿತು. ೧೯೪೬ರಲ್ಲಿ ನೊಬೆಲ್ ಶಾಂತಿ ಬಹುಮಾನವನ್ನು ಮಾಟರಿಗೂ ಎಮಿಲಿ ಬಾಲ್ಚ್ ಎಂಬ ಅಮೇರಿಕಾದ ಸ್ತ್ರೀಗೂ ಹಂಚಿ ಕೊಟ್ಟರು. ಈ ಎರಡು ಹೆಸರುಗಳು ಜೊತೆಯಾದದ್ದು ವಿಚಾರಕ್ಕೆ ಯೋಗ್ಯ. ೧೯೧೭ರಲ್ಲಿ ಮಾಟರು ತಮ್ಮ ಸರಕಾರದ ಕೆಲಸಕ್ಕೆ ಹೋದರು. ಬಾಲ್ಚ್ ಅಮ್ಮನವರು ಯುದ್ಧವನ್ನು ವಿರೋಧಿಸಿ, ಅದೇ ಕಾರಣದಿಂದ ವೆಲ್ಸ್‌ಲಿ ಕಾಲೇಜಿನ ಅಧ್ಯಾಪಕ ಪದವಿಯನ್ನು ಕಳಕೊಂಡರು. ಒಬ್ಬರು ತಪ್ಪಿದ ಸ್ಥಳದಲ್ಲಿ ಇನ್ನ���ಬ್ಬರು ನಿಂತರೆಂದು ಹೇಳಬಹುದು. ಆದರೂ ಇಬ್ಬರೂ ಬಿತ್ತಿದ್ದು ಒಂದೇ ಹೊಲದಲ್ಲಿ. ೧೯೪೮ರಲ್ಲಿ ಆಮ್‌ಸ್ಟರ್‌ಡಾಮಿನಲ್ಲಿ ಲೋಕದ ಸಭೆಗಳ ಪರಿಷತ್ತು ಸ್ಥಾಪನೆಯಾದಾಗ ಮಾಟರನ್ನು ಗೌರವಾಧ್ಯಕ್ಷರನ್ನಾಗಿ ಆರಿಸಿದರು. ಅದನ್ನು ನಡಿಸಿದವರಲ್ಲಿ ಬಹುಮಂದಿ ಯೌವನದಲ್ಲಿ ವಿದ್ಯಾರ್ಥಿ ಒಕ್ಕೂಟದಲ್ಲಿ ಪರಸ್ಪರ ಪರಿಚಯವಾದವರೇ. ೧೯೫೫ನೇ ಇಸವಿ ಜನವರಿ ೩೧ನೇ ತಾರೀಕಿನಲ್ಲಿ, ಎಂಭತ್ತೊಂಭತ್ತು ವರುಷ ತುಂಬಿದ ಮಾಟರು ಫ್ಲಾರಿಡಾ ಸಂಸ್ಥಾನದ ಒರ್ಲಾಂಡೋ ಪಟ್ಟಣದಲ್ಲಿ ತೀರಿಹೋದರು. ಅವರ ದೇಹವನ್ನು ವಾಷಿಂಗ್ಟನಿನ ಮಹಾದೇವಾಲಯದಲ್ಲಿ ಹೂಣಿಟ್ಟರು. ವಾಡ್‌ಸ್ಟೇನದಲ್ಲಿ ಹುಟ್ಟಿದ ಒಕ್ಕೂಟವು ಈಗಲೂ ಇದೆ.

ಇಷ್ಟು ದುಡಿದರೂ ಯುದ್ಧಗಳು ನಿಲ್ಲಲಿಲ್ಲವಲ್ಲಾ, ಹಾಗಾದರೆ ಪ್ರಯೋಜನವೇನು ಎಂದು ಯಾರಾದರೂ ಕೇಳಬಹುದು. ವಿಯೆನ್ನಾದ ಹಸಿದ ವಿದ್ಯಾರ್ಥಿಗೆ ಶತ್ರುವಿನ ಕೈಯಿಂದ ರೊಟ್ಟಿ ಸಿಕ್ಕಿದ್ದು ಸುಳ್ಳಲ್ಲ. ರೇವಿನಲ್ಲಿ ದಿಕ್ಕುಗಾಣದೆ ನಿಂತ ಪರದೇಶಿ ಯುವಕನ ಪೆಟ್ಟಿಗೆಯನ್ನು ಒಬ್ಬನು ಬಂದು ಎತ್ತಿಕೊಂಡದ್ದು ಸುಳ್ಳಲ್ಲ. ಸುಂಟರಗಾಳಿಯು ಬೆಳೆಯನ್ನು ಮಲಗಿಸಿತೆಂದು ಒಕ್ಕಲಿಗನು ಮುಂದಿನ ವರುಷ ಬಿತ್ತುವದನ್ನು ಬಿಡುತ್ತಾನೋ?

ಸಹೋದರರೇ, ಸಹೋದರಿಯರೇ, ನಮ್ಮ ಮಕ್ಕಳು ಸಹ ಈಗ ಹಳ್ಳಿಯನ್ನು ಬಿಟ್ಟು ಪಟ್ಟಣದ ಕಾಲೇಜುಗಳಿಗೂ ವಿದ್ಯಾರ್ಥಿನಿಲಯಗಳಿಗೂ ಹೋಗುತ್ತಾರೆ. ಅಲ್ಲಿ ಬೇರೆ ಭಾಷೆಯವನೂ ಬೇರೆ ಮತದವನೂ ಬೇರೆ ಜಾತಿಯಿಂದ ಬಂದವನೂ ಅವರ ಪಕ್ಕದ ಹಾಸಿಗೆಯಲ್ಲಿ ಮಲಗುವನು. ಅವನೊಂದಿಗೆ ಹೇಗೆ ನಡೆಯಬೇಕೆಂಬದನ್ನು ಅವರು ಕಾಲೇಜಿನಲ್ಲಿ ಕಲಿಯುವದಕ್ಕೆ ಮುಂಚೆ ನಮ್ಮ ಮನೆಯಲ್ಲಿ ನೋಡಿರುತ್ತಾರೆ. ಸಭೆಯ ಪ್ರೀತಿಭೋಜನದಲ್ಲಿ ಯಾರು ಯಾರ ಪಂಕ್ತಿಯಲ್ಲಿ ಕೂಡ್ರುತ್ತಾರೆ, ದೇವಾಲಯದಲ್ಲಿ ಯಾರು ಬಾಗಿಲ ಬಳಿಯಲ್ಲಿಯೇ ಉಳಿಯುತ್ತಾರೆ, ಪರಊರಿನ ಕೂಲಿಯವನು ಬಂದರೆ ಅಪ್ಪನು ಮಾತಾಡಿಸುತ್ತಾನೋ ಮುಖ ತಿರುಗಿಸುತ್ತಾನೋ ಎಂಬದನ್ನೆಲ್ಲಾ ಮಕ್ಕಳ ಕಣ್ಣು ನೋಡಿ ಇಟ್ಟುಕೊಳ್ಳುವದು. ಅಜರಯ್ಯನವರು ಎಡಿನ್‌ಬರೊವಿನಲ್ಲಿ ಕೇಳಿದ್ದನ್ನು ನಮ್ಮ ಸಭೆಯಲ್ಲಿಯೇ ನಮ್ಮಿಂದ ಕೇಳುವವರು ಇರಬಹುದು. ಅವರು ಯಾರೆಂದು ನೋಡಿ, ಈ ವಾರವೇ ಅವರನ್ನು ಮನೆಗೆ ಕರೆದು, ಒಂದೇ ಪಂಕ್ತಿಯಲ್ಲಿ ಕೂತು ಊಟಮಾಡೋಣ.